ಕೃಷಿ ಹೊಂಡದ ಆಮೆಯನ್ನು ಜೀವಂತ ಹಿಡಿಯುವ ಬೋನು ಮನೆಯಲ್ಲೇ ಮಾಡಬಹುದೇ?

ಹೊಂಡಕ್ಕೆ ಆಮೆ ಬಂದು ಸೇರಿದೆ, ಮೀನಿನ ಮರಿ ಉಳಿಸುವುದಿಲ್ಲ ಅನ್ನುವ ಭಯ, ಸಾಯಿಸದೆ ಹಿಡಿಯುವ ಬೋನು ಹೇಗೆ ಅಂತ ಕೇಳಿದ್ದೀರಿ. ಸಾಯಿಸಬಾರದು ಅಂದಿರಲ್ಲ, ಅದು ನನಗೆ ಬಹಳ ಹಿಡಿಸಿತು. ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಟದ ಹೊಂಡದಲ್ಲೂ ಹೀಗೇ ಆಗಿತ್ತು.

ಬೋನಿನ ಮಾತು ಆಮೇಲೆ. ಮೊದಲು ಆಮೆ ಯಾವುದು ಅಂತ ನೋಡಿ. ಬೆನ್ನು ಚರ್ಮ ಹೊದಿಸಿದ ಹಾಗೆ ನುಣುಪಾಗಿದ್ದು, ಮೂತಿ ಚಿಕ್ಕ ಸೊಂಡಿಲಿನಂತೆ ಚೂಪಾಗಿದ್ದರೆ ಅದು ನಮ್ಮ ಕೆರೆಯದ್ದೇ ಆಮೆ. ಗಟ್ಟಿ ಕಪ್ಪು ಚಿಪ್ಪು, ಬೆನ್ನ ಮೇಲೆ ಮೂರು ಏಣು ಇದ್ದರೂ ನಮ್ಮದೇ. ಇವನ್ನು ಹಿಡಿಯಬೇಡಿ. ಮೆತ್ತನೆ ಬೆನ್ನಿನದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಬೋನಿಗೆ ಬೀಳಿಸಿದರೂ ಕಾನೂನಿನಲ್ಲಿ ಅದು ಬೇಟೆಯೇ. ಶಿಕ್ಷೆ 3ರಿಂದ 7 ವರ್ಷ ಜೈಲು.

ಅದೂ ಅಲ್ಲದೆ, ನಿಮ್ಮ ಆಮೆ ಅಲ್ಲಿ ಇಷ್ಟಪಟ್ಟು ಕೂತಿರಲಿಕ್ಕಿಲ್ಲ. ಮಳೆಗಾಲದಲ್ಲಿ ಇವು ಒಂದು ನೀರಿನಿಂದ ಇನ್ನೊಂದಕ್ಕೆ ನಡೆದು ಹೋಗುತ್ತವೆ. ದಾರಿಯಲ್ಲಿ ಹೊಂಡ ಸಿಕ್ಕರೆ ಇಳಿಯುತ್ತವೆ. ಪ್ಲಾಸ್ಟಿಕ್ ಶೀಟ್ ಹಾಸಿದ ಹೊಂಡದಲ್ಲಿ ಉಗುರು ಜಾರುತ್ತೆ, ಮತ್ತೆ ಹತ್ತೋಕೆ ಆಗಲ್ಲ. ನಮ್ಮ ಹೊಂಡದ ಆಮೆ ಮೂಲೆಯಲ್ಲಿ ಹತ್ತುವುದು, ಜಾರುವುದು, ಮತ್ತೆ ಹತ್ತುವುದು. ನೋಡಿ ಹೊಟ್ಟೆ ಕಿವುಚಿದಂತಾಯಿತು. ಗೋಣಿಚೀಲಗಳನ್ನು ಉದ್ದಕ್ಕೆ ಹೊಲಿದು, ಒಂದು ತುದಿ ದಡದ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಗೆ ಚೂಪಿಲ್ಲದ ಕಲ್ಲು ಕಟ್ಟಿ ನೀರೊಳಗೆ ಇಳಿಬಿಟ್ಟೆವು. ಮೂರನೇ ದಿನ ಆಮೆ ಇರಲಿಲ್ಲ. ಸುತ್ತ ಬೇಲಿ ಇದ್ದರೆ ಅದು ಹೊರಗೆ ಹೋಗಲು ಸ್ವಲ್ಪ ಜಾಗ ಬಿಡಿ. ಮೀನಿನ ಚಿಂತೆಯೂ ಜಾಸ್ತಿ ಬೇಡ. ಅದು ಬಸವನಹುಳು, ಕಪ್ಪೆ, ಸತ್ತ ಮೀನು, ನೀರಿನ ಗಿಡ ಎಲ್ಲಾ ತಿನ್ನುತ್ತೆ.

ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದ್ದರೆ ಮಾತ್ರ ಲೆಕ್ಕ ಬೇರೆ. ಅದು ಅಮೆರಿಕದ ಆಮೆ. ಅಂಗಡಿಯಲ್ಲಿ ನಾಣ್ಯದಷ್ಟಿರುವಾಗ ಮಾರುತ್ತಾರೆ, ಬೆಳೆದರೆ ಸುಮಾರು ಒಂದು ಅಡಿ. ಸಾಕಲಾಗದವರು ಕಲ್ಯಾಣಿಗೋ ಕೆರೆಗೋ ಬಿಡುತ್ತಾರೆ. ನಮ್ಮ ನೆಂಟರೊಬ್ಬರು ನಮ್ಮ ಹೊಂಡಕ್ಕೇ ಬಿಟ್ಟಿದ್ದರು. ನಮ್ಮ ಆಮೆಗಳ ಊಟಕ್ಕೂ ಜಾಗಕ್ಕೂ ಅದು ಪೈಪೋಟಿ.

ಅದಕ್ಕೆ ನಾನು ಮಾಡಿದ ಬೋನು ಇದು. ಎರಡೂವರೆ ಇಂಚಿನ ಪಿವಿಸಿ ಪೈಪಿನಲ್ಲಿ 3 ಅಡಿ ಉದ್ದ, 2 ಅಡಿ ಅಗಲದ ಚೌಕಟ್ಟು. ಮೂಲೆಗಳಿಗೆ ಎಲ್ಬೋ ಹಾಕಿ ಗಾಳಿ ಹೋಗದಂತೆ ಅಂಟಿಸಿದರೆ ತೇಲುತ್ತೆ. ಕೆಳಗೆ ಒಂದೂವರೆ ಅಡಿ ಆಳಕ್ಕೆ ಗಟ್ಟಿ ಜಾಲರಿಯ ಬುಟ್ಟಿ. ಹೊರಗಿನಿಂದ ಎರಡು ಹಲಗೆ ಓರೆಯಾಗಿ ನೀರಿನಿಂದ ಪೈಪಿನ ಮೇಲಕ್ಕೆ. ಬಿಸಿಲು ಕಾಯಲು ಹತ್ತಿದ ಆಮೆ ಒಳಗೆ ಬೀಳುತ್ತೆ, ನುಣುಪು ಪೈಪ್ ಹಿಡಿದು ವಾಪಸ್ ಹತ್ತಲಾರದು. ಡಿಸೆಂಬರ್‌ನ ಚಳಿ ಬೆಳಗ್ಗೆ ಬಿಸಿಲಿಗೆ ಬೇಗ ಬರುತ್ತವೆ, ತಿಂಡಿ ಕಟ್ಟುವುದೇ ಬೇಡ.

ಬೋನಿನ ಬಾಯಿ ಯಾವಾಗಲೂ ನೀರಿನ ಮೇಲಿರಲಿ. ಆಮೆ ಉಸಿರಾಡುವುದು ಶ್ವಾಸಕೋಶದಿಂದ, ಮುಳುಗಿದ ಬೋನಿನಲ್ಲಿ ಸತ್ತೇ ಹೋಗುತ್ತೆ. ಒಳಗೆ ಕೂರಲು ಒಂದು ತೇಲುವ ಮರದ ತುಂಡು ಹಾಕಿ. ಹಳೆ ಮೀನಿನ ಬಲೆ ಬಳಸಬೇಡಿ. ನಾನು ಮೊದಲು ಅದನ್ನೇ ಕಟ್ಟಿದ್ದೆ, ಪಾಪ, ಒಂದು ಕೆರೆ ಆಮೆಯ ಉಗುರು ಸಿಕ್ಕಿಕೊಂಡು ಕತ್ತರಿಯಿಂದ ಬಿಡಿಸಬೇಕಾಯಿತು. ಬೆಳಗ್ಗೆ ಸಂಜೆ ಎರಡು ಸಲ ನೋಡಿ. ನಮ್ಮ ಆಮೆ ಬಿದ್ದಿದ್ದರೆ ಆಗಲೇ ಬಿಡಿ. ಕೆಂಪು ಪಟ್ಟೆಯದ್ದನ್ನು ಬೇರೆ ಕೆರೆಗೆ ಬಿಡಬೇಡಿ. ನೀರಿನ ಟಬ್ಬಿನಲ್ಲಿಟ್ಟು ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಬೋನು ಇಡುವ ಮೊದಲೇ ಅವರಿಗೆ ಹೇಳಿಟ್ಟರೆ ಇನ್ನೂ ಒಳ್ಳೆಯದು.