ಗಣಿ ನಿಂತರೆ ಗೋವಾ ಬಡವಾಯಿತಾ?

ಪ್ರಶ್ನೆ: ನಮ್ಮದು ಬಾಗಲಕೋಟೆ ಕಡೆಯ ಕುಟುಂಬ. ಅಪ್ಪ ಇಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದರು. 2018ರಲ್ಲಿ ಗಣಿ ನಿಂತಾಗ ಕೆಲಸ ಹೋಯಿತು. ಜಿಡಿಪಿ ಇಳಿದರೆ ರಾಜ್ಯಕ್ಕೆ ನಷ್ಟ ಅಂತ ಕಾಲೇಜಿನಲ್ಲಿ ಓದುತ್ತೇನೆ. ಇಕಲಾಜಿಕಲ್ ಇಕನಾಮಿಕ್ಸ್, ಅಂದರೆ ಪ್ರಕೃತಿಯನ್ನೂ ಲೆಕ್ಕಕ್ಕೆ ಹಿಡಿಯುವ ಅರ್ಥಶಾಸ್ತ್ರದವರ ಲೆಕ್ಕ ಬೇರೆಯಂತೆ. ಅವರು ಅಭಿವೃದ್ಧಿಗೇ ವಿರೋಧವಾ?
— ಓದುಗರು, ಡಿಚೋಲಿ ತಾಲೂಕು, ಗೋವಾ

ಉತ್ತರ: ಊರಲ್ಲಿ ಹೊಲ ಮಾರಿ ಬಂದ ದುಡ್ಡನ್ನು ಈ ವರ್ಷದ ಸಂಪಾದನೆ ಅಂತ ಯಾರೂ ಹೇಳಲ್ಲ, ಅಲ್ವಾ? ಅದಿರಿನ ವಿಷಯದಲ್ಲಿ ಜಿಡಿಪಿ ಹಾಗೇ ಹೇಳುತ್ತದೆ. ಮಾರಿದ್ದು ಆದಾಯಕ್ಕೆ ಸೇರುತ್ತದೆ, ನೆಲದಲ್ಲಿ ಕಡಿಮೆಯಾದದ್ದು ಎಲ್ಲೂ ಕಾಣುವುದಿಲ್ಲ. ಗಣಿ ಗುಂಡಿ ಅಂತರ್ಜಲಕ್ಕಿಂತ ಕೆಳಗಿಳಿದರೆ ನೀರನ್ನು ಪಂಪ್ ಮಾಡಿ ಹೊರಗೆ ಬಿಡಬೇಕು. ಸುತ್ತಲಿನ ಬಾವಿಗಳು ಬತ್ತುತ್ತವೆ. ಆಮೇಲೆ ಟ್ಯಾಂಕರ್ ಬಂದರೆ ಆ ವ್ಯಾಪಾರವೂ ಜಿಡಿಪಿಗೆ ಜಮಾ! ಬಾವಿಯ ನೀರು ಪುಕ್ಕಟೆ ಸಿಗುತ್ತಿದ್ದಾಗ ಲೆಕ್ಕದಲ್ಲೇ ಇರಲಿಲ್ಲ.

ಇಷ್ಟನ್ನು ಮಾಮೂಲಿ ಅರ್ಥಶಾಸ್ತ್ರಜ್ಞರೂ ಒಪ್ಪುತ್ತಾರೆ. ಹಾನಿಗೆ ಬೆಲೆ ಕಟ್ಟಿ ತೆರಿಗೆ ಹಾಕಿದರಾಯಿತು ಅನ್ನುತ್ತಾರೆ. ಇಕಲಾಜಿಕಲ್ ಇಕನಾಮಿಕ್ಸ್‌ಗೆ ಬುನಾದಿ ಹಾಕಿದ ನಿಕೊಲಸ್ ಜಾರ್ಜೆಸ್ಕು-ರೋಗನ್, ಹರ್ಮನ್ ಡೇಲಿ ಇವರ ತಕರಾರು ಇನ್ನೂ ಆಳದ್ದು. ಆರ್ಥಿಕತೆ ಇರುವುದೇ ಪ್ರಕೃತಿಯ ಒಳಗೆ, ಹಾಗಾಗಿ ಅದರ ಗಾತ್ರಕ್ಕೆ ಮಿತಿ ಇದೆ. ಕೆಲ ವರ್ಷ ವಿಶ್ವಬ್ಯಾಂಕಿನಲ್ಲಿದ್ದ ಡೇಲಿ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟರು. ಒಟ್ಟು ಎಷ್ಟು ತೆಗೆಯಬೇಕು? ಯಾರಿಗೆ ಸೇರಬೇಕು? ಯಾವುದಕ್ಕೆ ಬಳಸಬೇಕು? ಮಾರುಕಟ್ಟೆಗೆ ಉತ್ತರ ಗೊತ್ತಿರುವುದು ಕೊನೆಯದಕ್ಕೆ ಮಾತ್ರ.

ಮೊದಲ ಎರಡು ಗೋವಾದಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದವು. ಚೀನಾ ಕೊಳ್ಳುತ್ತಿದ್ದ ಕಾಲದಲ್ಲಿ ವರ್ಷಕ್ಕೆ 4 ಕೋಟಿ ಟನ್‌ಗೂ ಜಾಸ್ತಿ ಅದಿರು ಹೊರಬರುತ್ತಿತ್ತು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸದ್ಯಕ್ಕೆ 2 ಕೋಟಿ ಟನ್ ಮಿತಿ ಹಾಕಿತು. ಮಾರಾಟದ ಹಣದಲ್ಲಿ ಶೇ. 10ನ್ನು ಮುಂದಿನ ತಲೆಮಾರಿಗಾಗಿ ಶಾಶ್ವತ ನಿಧಿಯಲ್ಲಿಡಿ ಎಂದಿತು. ನನ್ನ ಪ್ರಕಾರ ಶೇ. 10 ತೀರಾ ಕಡಿಮೆ. ಅದಿರಲಿ, ನಿಧಿಯಲ್ಲಿ ಎಷ್ಟೇ ಕೋಟಿ ಇದ್ದರೂ ಬತ್ತಿದ ಒರತೆ ಖರೀದಿಗೆ ಸಿಗಲ್ಲ. ಹಣ ಎಲ್ಲಕ್ಕೂ ಬದಲಿಯಾಗುತ್ತದೆ ಅನ್ನುವುದನ್ನು ಡೇಲಿ ಕಡೆಯವರು ಒಪ್ಪುವುದಿಲ್ಲ. ನಿಜವಾದ ಜಗಳ ಇರುವುದೇ ಇಲ್ಲಿ. ಅವರ ವಿರೋಧ ಅಭಿವೃದ್ಧಿಗಲ್ಲ, ಮಿತಿ ಇಲ್ಲದೆ ಅಗೆಯುವುದಕ್ಕೆ.

ಅಂದ ಹಾಗೆ, 2018ರಲ್ಲಿ ಗಣಿ ನಿಂತದ್ದು ಇಂಥ ವಾದದಿಂದಲ್ಲ. 88 ಗಣಿ ಗುತ್ತಿಗೆಗಳನ್ನು ನವೀಕರಿಸಿದ ರೀತಿ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ ಅವನ್ನು ರದ್ದು ಮಾಡಿತು.

ನಿಮ್ಮ ಅಪ್ಪನ ವಿಷಯಕ್ಕೆ ಬರೋಣ. ಮಿತಿ ಹಾಕಿ ಅಂತ ಬರೆಯುವುದು ನಮ್ಮಂಥವರಿಗೆ ಸುಲಭ. ಅದರ ಪೆಟ್ಟು ಬೀಳುವುದು ಟಿಪ್ಪರ್ ಚಾಲಕರ ಮೇಲೆ, ಕಂತು ಕಟ್ಟುವವರ ಮೇಲೆ. ಡೇಲಿಯವರ ಎರಡನೇ ಪ್ರಶ್ನೆಗೆ ಉತ್ತರ ಕೊಡದೆ ಮೊದಲನೆಯದನ್ನು ಜಾರಿ ಮಾಡಿದರೆ ಅನ್ಯಾಯವೇ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ, ಗಣಿ ನಡೆಸುವವರು ಹಣ ಕಟ್ಟಬೇಕಾದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಅದರ ಹಣ ಗಣಿಪೀಡಿತ ಊರುಗಳ ಕುಡಿಯುವ ನೀರು, ಆರೋಗ್ಯ, ಕೌಶಲ ತರಬೇತಿಗೆ ಹೋಗಬೇಕು. ನಿಮ್ಮ ಪಂಚಾಯತಿಗೆ ಎಷ್ಟು ಬಂತು, ಏನಾಯಿತು ಅಂತ ಗ್ರಾಮಸಭೆಯಲ್ಲಿ ಕೇಳಿ. ಅಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.