ಭೇದಿ ಶುರುವಾಯಿತೆಂದು ಸಿರಪ್ ನಿಲ್ಲಿಸಿದ ತಾಯಿ

ಇಂಥ ತಾಯಂದಿರು ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಎರಡು ವರ್ಷದ ಮಗುವಿಗೆ ಕಿವಿ ಸೋಂಕು. ಆಂಟಿಬಯೋಟಿಕ್ ಸಿರಪ್ ಶುರುವಾದ ಮೂರನೇ ದಿನಕ್ಕೆ ಭೇದಿ. ಆದರೆ ತಾಯಿ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ, ಸುಮ್ಸುಮ್ನೆ ಅಳು ಬರುತ್ತದೆ ಅಂತ.

ಮಾತಿನ ಮಧ್ಯೆ ಹೇಳಿದರು: "ಸಿರಪ್ ನಿಲ್ಲಿಸಿಬಿಟ್ಟೆ ಮೇಡಂ. ಈಗ ಬರೀ ಪ್ರೊಬಯೋಟಿಕ್ (ಕರುಳಿಗೆ ಒಳ್ಳೆಯದಾಗುವ ಜೀವಂತ ಸೂಕ್ಷ್ಮಾಣುಗಳ) ಪುಡಿ ಕೊಡ್ತಿದೀನಿ. ಡಾಕ್ಟರಿಗೆ ಹೇಳಿಲ್ಲ, ಬೈತಾರೆ."

ಭೇದಿಗಿಂತ ಜಾಸ್ತಿ ನನಗೆ ಭಯವಾಗಿದ್ದು ಈ ಮಾತಿಗೆ. ಬೈದರೆ ಏನಾಗುತ್ತದೆ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ನನ್ನ ಕೈಯಾರೆ ಮಗು ಹೊಟ್ಟೆ ಕೆಡಿಸಿದೆ ಅಂತ ಎಲ್ಲರಿಗೂ ಗೊತ್ತಾಗುತ್ತೆ" ಅಂದರು.

ಇಲ್ಲಿ ಬರೀ ಸಮಾಧಾನ ಹೇಳಿ ಕಳಿಸಬಹುದಿತ್ತು. ನನಗೆ ಅದು ಸರಿ ಅನ್ನಿಸುವುದಿಲ್ಲ. ತಪ್ಪಿತಸ್ಥ ಭಾವನೆ ಹುಟ್ಟಿದ್ದೇ ತಪ್ಪು ತಿಳಿವಳಿಕೆಯಿಂದ, ಹಾಗಾಗಿ ಮೊದಲು ತಿಳಿವಳಿಕೆಯನ್ನೇ ಕೊಡಬೇಕು. ಆಂಟಿಬಯೋಟಿಕ್ ಕಾಯಿಲೆ ತರುವ ಬ್ಯಾಕ್ಟೀರಿಯಾ ಜೊತೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಚಿಕ್ಕ ಮಕ್ಕಳಲ್ಲಿ ಭೇದಿ ಆಗುವುದು ಮಾಮೂಲು, ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಜೊತೆ ಕ್ಲಾವುಲನೇಟ್ ಎಂಬ ಔಷಧಿಯೂ ಇರುವ ಸಿರಪ್‌ನಲ್ಲಂತೂ ಇನ್ನೂ ಜಾಸ್ತಿ. ಇದರಲ್ಲಿ ತಾಯಿಯ ತಪ್ಪೇನಿದೆ?

ಪ್ರೊಬಯೋಟಿಕ್ ಸುಳ್ಳೇನಲ್ಲ. ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯು 33 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2019ರ ವರದಿಯಲ್ಲಿ, ಆಂಟಿಬಯೋಟಿಕ್ ಜೊತೆ ಪ್ರೊಬಯೋಟಿಕ್ ಪಡೆದ ಮಕ್ಕಳಲ್ಲಿ ಶೇ. 8ರಷ್ಟು ಮಂದಿಗೆ ಭೇದಿಯಾಯಿತು, ಪಡೆಯದವರಲ್ಲಿ ಶೇ. 19. ಆದರೆ ಅದು ಸಿರಪ್ "ಜೊತೆ" ಕೊಟ್ಟಾಗಿನ ಲೆಕ್ಕ. ಪ್ರೊಬಯೋಟಿಕ್ ಕಿವಿ ಸೋಂಕನ್ನು ವಾಸಿ ಮಾಡುವುದಿಲ್ಲ. ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವ ಮಕ್ಕಳಿಗೆ, ಅವಧಿಗೆ ಮೊದಲೇ ಹುಟ್ಟಿದ ಕೂಸುಗಳಿಗೆ ಅಪಾಯವೂ ಆಗಬಹುದು, ಹಾಗಾಗಿ ಅದನ್ನೂ ಕೇಳಿಯೇ ಕೊಡಬೇಕು.

ಆಪ್ತಸಲಹೆಗಾರರು ಔಷಧಿ ವಿಷಯ ಮಾತಾಡಬಾರದು ಅನ್ನುವವರಿದ್ದಾರೆ. ಸಿರಪ್ ಮತ್ತೆ ಶುರು ಮಾಡಿ ಅಂತ ನಾನು ಹೇಳಲಿಲ್ಲ, ಅದು ಡಾಕ್ಟರ ಕೆಲಸ. ನಾನು ಹೇಳಿದ್ದು ಇಷ್ಟೇ: ನನ್ನ ಮುಂದೆಯೇ ಫೋನ್ ಮಾಡಿ, ಯಾವಾಗ ನಿಲ್ಲಿಸಿದಿರಿ, ದಿನಕ್ಕೆ ಎಷ್ಟು ಸಲ ಭೇದಿ, ಮೂತ್ರ ಸರಿಯಾಗಿ ಹೋಗುತ್ತಿದೆಯಾ, ಎಲ್ಲವನ್ನೂ ಮುಚ್ಚಿಡದೆ ಹೇಳಿ. ಮಲದಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗಿ ಏನೂ ಕುಡಿಯದಿರುವುದು ಕಂಡರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು ಅಂತಲೂ ಹೇಳಿದೆ.

ಆಕೆ ಫೋನ್ ಮಾಡಿದರು. ಡಾಕ್ಟರು ಸ್ವಲ್ಪ ಗದರಿದ್ದು ನಿಜ. ಆಮೇಲೆ ಓಆರ್‌ಎಸ್ ಕುಡಿಸುತ್ತಿರಿ, ಕಿವಿ ಮತ್ತೆ ನೋಡಬೇಕು, ಇವತ್ತೇ ಕರೆದುಕೊಂಡು ಬನ್ನಿ ಅಂದರು.