ಶೆಡ್ಡಿನಲ್ಲಿ ವಿಮಾನ ಕಟ್ಟುವವರ ಪ್ರಶ್ನೆಗಳು

ಇಬ್ಬರು ಕೂರುವ ಅಲ್ಯೂಮಿನಿಯಂ ಕಿಟ್ ವಿಮಾನವನ್ನು ಮನೆಯಲ್ಲೇ ಜೋಡಿಸುವ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಕಿಟ್ ತರಿಸಿ, ಪೂರ್ತಿ ಕಟ್ಟಿ ಮುಗಿಸಿದ ಮೇಲೆ ಅನುಮತಿ ಕೇಳಿದರೆ ಆಗದೇ ಸರ್? (ಕಡೂರು)

ದಯವಿಟ್ಟು ಹಾಗೆ ಮಾಡಬೇಡಿ. ಹಣ ಕಟ್ಟುವ ಮೊದಲೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ಬರೆದು, ನಿಮ್ಮ ಮಾದರಿ ಯಾವ ವರ್ಗಕ್ಕೆ ಸೇರುತ್ತದೆ, ಯಾವ ಯಾವ ದಾಖಲೆ ಬೇಕು ಎಂದು ಲಿಖಿತ ಉತ್ತರ ಪಡೆಯಿರಿ. ‘ವಿಟಿ’ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಮತ್ತು ಹಾರಾಟದ ಅನುಮತಿ ಎರಡೂ ಇಲ್ಲದೆ ವಿಮಾನ ನೆಲ ಬಿಡುವಂತಿಲ್ಲ. ಮುಂಬೈಯ ಕ್ಯಾಪ್ಟನ್ ಅಮೋಲ್ ಯಾದವ್ ಮನೆಯ ತಾರಸಿಯಲ್ಲಿ ಕಟ್ಟಿದ ಆರು ಆಸನದ ವಿಮಾನವನ್ನು 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನ ನೋಡಿದರು. ಅದಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಅನುಮತಿ 2019ರಲ್ಲಿ. ‘ಅರ್ಧಕ್ಕಿಂತ ಹೆಚ್ಚು ನಾವೇ ಕಟ್ಟಿದರೆ ಸಾಕು’ ಎಂಬ ಮಾತನ್ನು ಹಲವರು ಬರೆದಿದ್ದಾರೆ. ಅದು ಅಮೆರಿಕದ ನಿಯಮ, ಅದನ್ನೇ ನಂಬಿ ಇಲ್ಲಿ ಕೆಲಸ ಶುರು ಮಾಡಬಾರದು.

ಮೊದಲ ದಿನದಿಂದಲೇ ಒಂದು ದಿನಚರಿ ಪುಸ್ತಕ ಇಡಿ: ತಾರೀಖು, ಮಾಡಿದ ಕೆಲಸ, ಭಾಗದ ಸಂಖ್ಯೆ, ಫೋಟೊ. ರೆಕ್ಕೆಯ ತಗಡು ಮುಚ್ಚುವ ಮುನ್ನ ಒಳಗಿನ ಪ್ರತಿ ಜೋಡಣೆಯ ಫೋಟೊ ಇರಬೇಕು. ಮುಚ್ಚಿದ ಮೇಲೆ ಯಾವ ಪರಿಶೀಲಕರೂ ಒಳಗಿನದ್ದನ್ನು ನೋಡಲಾರರು.

ಪ್ರಶ್ನೆ: ಮನೆಯ ಹಿಂದೆ 20×24 ಅಡಿಯ ಶೆಡ್ ಇದೆ. ಸಾಕಾಗುತ್ತದೆಯೇ? ಮೊದಲು ಏನು ತರಿಸಬೇಕು? (ಹಾಸನ)

ಸಾಕು. ಇಂಥ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 9 ಮೀಟರ್ ಬರುತ್ತದೆ. ಎಡ, ಬಲ ರೆಕ್ಕೆಗಳನ್ನು ಬೇರೆ ಬೇರೆ ಕಟ್ಟಿ, ಮುಂಅಂಚು ಕೆಳಗಾಗಿ ಮೆತ್ತೆ ಹಾಕಿದ ಸ್ಟ್ಯಾಂಡಿನಲ್ಲಿ ನಿಲ್ಲಿಸಿಡಬಹುದು. ಒಡಲಿಗೆ ಕೂಡಿಸುವ ಕೆಲಸ ಏರೋಡ್ರೋಮಿನ ಹ್ಯಾಂಗರಿನಲ್ಲಿ. ಚಕ್ರ ಕೂಡಿಸಿದ ಒಡಲು ಶೆಡ್ಡಿನ ಬಾಗಿಲಲ್ಲಿ ಹೊರಬರುತ್ತದೆಯೇ ಎಂದು ಈಗಲೇ ನಕ್ಷೆ ನೋಡಿ ಅಳೆದುಕೊಳ್ಳಿ.

ಶೆಡ್ಡಿಗಿಂತ ಮುಖ್ಯವಾದದ್ದು ಮೇಜು. 4×12 ಅಡಿ, ಅಲುಗಾಡದ ಕಾಲು, ಮೇಲೆ ದಪ್ಪ ಪ್ಲೈವುಡ್. ಗಾರೆ ಕೆಲಸದವರು ಬಳಸುವ ನೀರಿನ ಮಟ್ಟದ ಪೈಪಿನಿಂದ ನಾಲ್ಕು ಮೂಲೆಯನ್ನೂ ನಡುಭಾಗವನ್ನೂ ನೋಡಿ, ಕಾಲುಗಳ ಕೆಳಗೆ ತೆಳು ತಗಡು ಕೊಟ್ಟು ಮಟ್ಟ ಮಾಡಿ. ಇಷ್ಟು ಒತ್ತಿ ಹೇಳಲು ಕಾರಣವಿದೆ. ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ), ರಿಬ್ಬು (ಅದಕ್ಕೆ ಅಡ್ಡಲಾಗಿ ಕೂರುವ, ರೆಕ್ಕೆಗೆ ಆಕಾರ ಕೊಡುವ ಪಟ್ಟಿ)ಗಳ ಚೌಕಟ್ಟು ತಗಡು ಹೊದಿಸುವ ತನಕ ಕೈಯಲ್ಲಿ ತಿರುಚಿದರೆ ತಿರುಚಿಕೊಳ್ಳುತ್ತದೆ. ತಗಡು ಹೊದಿಸಿ ರಿವೆಟ್ ಹೊಡೆದ ಕ್ಷಣಕ್ಕೆ ಆ ತಿರುಚು ಹಾಗೇ ಬಿಗಿದುಕೊಳ್ಳುತ್ತದೆ, ಆಮೇಲೆ ಬಿಡಿಸಲಾಗದು. ಎರಡು ರೆಕ್ಕೆಯ ತಿರುಚು ಒಂದೇ ಸಮ ಇಲ್ಲದಿದ್ದರೆ ವಿಮಾನ ಒಂದು ಪಕ್ಕಕ್ಕೆ ವಾಲುತ್ತಲೇ ಇರುತ್ತದೆ. ವೇಗ ತಗ್ಗಿಸಿ ಇಳಿಯುವಾಗ ಒಂದು ರೆಕ್ಕೆ ಮೊದಲೇ ಎತ್ತುವ ಶಕ್ತಿ ಕಳೆದುಕೊಂಡು ಕುಸಿಯಬಹುದು. ಆದ್ದರಿಂದ ರಿವೆಟ್‌ಗೆ ಮುನ್ನ ಬುಡದ ರಿಬ್ಬಿನಲ್ಲೂ ತುದಿಯ ರಿಬ್ಬಿನಲ್ಲೂ ತೂಗುಗುಂಡು ಬಿಟ್ಟು ನೋಡಿ. ಅರ್ಧ ಕೆಲಸವಾದಾಗ ಇನ್ನೊಮ್ಮೆ ನೋಡಿ.

ಮೊದಲು ತರಿಸಬೇಕಾದದ್ದು ಬಾಲದ ಕಿಟ್ ಮಾತ್ರ. ಬಾಲದಲ್ಲಿ ಅಲುಗುವ ಭಾಗಗಳಾದ ರಡರ್ (ಮೂತಿಯನ್ನು ಎಡ ಬಲಕ್ಕೆ ತಿರುಗಿಸುವುದು), ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವುದು) ಚಿಕ್ಕವು. ಕೈ ಕುದುರದೆ ಕೆಟ್ಟರೂ ನಷ್ಟ ಸಣ್ಣದು. ತೂತುಗಳೆಲ್ಲ ಕಾರ್ಖಾನೆಯಲ್ಲೇ ಕೊರೆದು ಬರುವ ಕಿಟ್ಟಿಗೂ ಒಟ್ಟು 800ರಿಂದ 1,000 ಗಂಟೆ ಹಿಡಿಯುತ್ತದೆ. ವಾರಕ್ಕೆ 10 ಗಂಟೆಯಂತೆ ಎರಡು ವರ್ಷ.

ಪ್ರಶ್ನೆ: ಲೇತ್ ವರ್ಕ್‌ಶಾಪ್ ಇದೆ, ಲೋಹದ ಕೆಲಸ ಹೊಸದಲ್ಲ. ಆದರೂ ಬಾಲದ ತಗಡಿನಲ್ಲಿ ರಿವೆಟ್ ಸಾಲಿನ ನಡುವೆ ಉಬ್ಬು ಬಂದಿದೆ, ಕೆಲವು ರಿವೆಟ್ಟಿನ ತಲೆ ಸರಿಯಾಗಿ ಕೂತಿಲ್ಲ. ಎಲ್ಲಿ ತಪ್ಪಿತು? (ಅರಸೀಕೆರೆ)

ಎರಡಕ್ಕೂ ಕಾರಣ ಬೇರೆ ಬೇರೆ. ಉಬ್ಬಿನದು ಮೊದಲು. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದರ ಹಿಂದೊಂದು ರಿವೆಟ್ ಹೊಡೆಯುತ್ತ ಹೋದರೆ, ಒಬ್ಬಟ್ಟು ತಟ್ಟುವಾಗ ಕಣಕ ಅಂಚಿಗೆ ಸರಿಯುವಂತೆ ತಗಡು ಕೂದಲೆಳೆಯಷ್ಟು ಮುಂದೆ ಮುಂದೆ ಸರಿದು ಕೊನೆಗೆ ಎಲ್ಲೋ ಉಬ್ಬುತ್ತದೆ. ಎಲ್ಲ ತೂತಿಗಲ್ಲದಿದ್ದರೂ ಒಂದು ಬಿಟ್ಟು ಒಂದಕ್ಕಾದರೂ ಕ್ಲೀಕೊ (ರಿವೆಟ್ ಹೊಡೆಯುವ ತನಕ ತಗಡುಗಳನ್ನು ಹಿಡಿದಿಡುವ ಸ್ಪ್ರಿಂಗ್ ಪಿನ್) ಹಾಕಿ. ಬೆಳ್ಳಿ ಬಣ್ಣದ ಕ್ಲೀಕೊ 2.4 ಮಿ.ಮೀ. ರಿವೆಟ್ಟಿಗೆ, ತಾಮ್ರ ಬಣ್ಣದ್ದು 3.2ಕ್ಕೆ, ಕಪ್ಪು 4.0ಕ್ಕೆ. ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಹೋಗಿ. ಕೆಲವು ಹೊಡೆದು, ಕೆಲವು ಬಿಟ್ಟು, ಮತ್ತೆ ಬಂದು ತುಂಬಿ.

ಇನ್ನೊಂದು ಕಾರಣ ಬಿಸಿಲು. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ 0.023 ಮಿ.ಮೀ. ಹಿಗ್ಗುತ್ತದೆ. ಶೀಟಿನ ಮಾಡಿನ ಕೆಳಗೆ ಕಾದ ಚೌಕಟ್ಟಿಗೆ ಮನೆಯೊಳಗಿನಿಂದ ತಂದ ತಣ್ಣನೆಯ 2 ಮೀಟರ್ ತಗಡನ್ನು ಕೂಡಿಸಿದಿರಿ ಎನ್ನಿ. ನಡುವೆ 15 ಡಿಗ್ರಿ ಅಂತರವಿದ್ದರೆ, ಎರಡೂ ಸಮ ಆದಾಗ ತಗಡು ಸುಮಾರು 0.7 ಮಿ.ಮೀ. ಹೆಚ್ಚಾಗುತ್ತದೆ. ಆ ಹೆಚ್ಚಳಕ್ಕೆ ಉಬ್ಬುವುದು ಬಿಟ್ಟು ಬೇರೆ ದಾರಿ ಇಲ್ಲ. ತಗಡನ್ನೂ ಚೌಕಟ್ಟನ್ನೂ ಹಿಂದಿನ ರಾತ್ರಿಯೇ ಒಟ್ಟಿಗೆ ಇಟ್ಟು, ಬೆಳಿಗ್ಗೆ ಹೊತ್ತಿನಲ್ಲಿ ರಿವೆಟ್ ಹೊಡೆಯಿರಿ.

ತಲೆ ಕೂರದಿರುವುದಕ್ಕೆ ಸಾಮಾನ್ಯವಾಗಿ ತಗಡುಗಳ ನಡುವೆ ಸಿಕ್ಕ ಡ್ರಿಲ್ಲಿನ ಪುಡಿ, ತೂತಿನ ಬಾಯಲ್ಲಿ ಉಳಿದ ಬರ್ (ಕೊರೆದಾಗ ಏಳುವ ಚೂಪು ಅಂಚು), ಅಥವಾ ವಾಲಿಸಿ ಹಿಡಿದ ರಿವೆಟ್ ಗನ್ ಕಾರಣ. ಲೇತ್ ಕೆಲಸದವರು ಬರ್ ತೆಗೆಯುವುದರಲ್ಲಿ ಧಾರಾಳಿಗಳು, ಇಲ್ಲಿ ಅದೇ ತೊಂದರೆ. 0.6 ಮಿ.ಮೀ. ತಗಡಿನಲ್ಲಿ ದೊಡ್ಡ ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿದು ಒಂದೆರಡು ಸುತ್ತು ತಿರುಗಿಸಿದರೆ ಮುಗಿಯಿತು. ಹೆಚ್ಚಾದರೆ ತೂತಿನ ಅಂಚು ಚಾಕುವಿನ ಬಾಯಿಯಂತಾಗಿ ಮುಂದೆ ಅಲ್ಲಿಂದಲೇ ಸೀಳುತ್ತದೆ. ಎಲ್ಲ ತೂತು ಕೊರೆದ ಮೇಲೆ ಕ್ಲೀಕೊ ಬಿಚ್ಚಿ, ತಗಡುಗಳನ್ನು ಪೂರ್ತಿ ಬೇರ್ಪಡಿಸಿ, ಎರಡೂ ಮುಖದ ಬರ್ ತೆಗೆದು, ಒರೆಸಿ, ಮತ್ತೆ ಕೂಡಿಸಬೇಕು. ಇದೊಂದು ಬೇಸರದ ಕೆಲಸವನ್ನು ತಪ್ಪಿಸಿದವರಿಗೇ ಹೆಚ್ಚು ರಿವೆಟ್ ಕೆಡುವುದು.

ನಡುವಿನ ಕಡ್ಡಿಯನ್ನು ಗನ್ನಿನಿಂದ ಎಳೆದು ಕೂರಿಸುವ ರಿವೆಟ್ ಕೆಟ್ಟು, ಅದನ್ನು ತೆಗೆಯುವಾಗ ನೇರವಾಗಿ ಡ್ರಿಲ್ ಇಡಬೇಡಿ. ಆ ಗಟ್ಟಿ ಕಡ್ಡಿಗೆ ತಾಗಿ ಡ್ರಿಲ್ಲಿನ ಬಿಟ್ ಜಾರಿ ತೂತನ್ನು ಮೊಟ್ಟೆಯಾಕಾರ ಮಾಡುತ್ತದೆ. ಮೊದಲು ಸಣ್ಣ ಪಂಚಿನಿಂದ ಕಡ್ಡಿಯನ್ನು ಒಳಗೆ ತಳ್ಳಿ, ಆಮೇಲೆ ತಲೆಯ ದಪ್ಪದಷ್ಟೇ ಕೊರೆದು ತಲೆ ಮುರಿಯಿರಿ. ತೂತು ದೊಡ್ಡದಾಗಿದ್ದರೆ ಮುಂದಿನ ಅಳತೆಯ ರಿವೆಟ್ ಹಾಕಬಹುದು, ಆದರೆ ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ ವ್ಯಾಸದ ಎರಡರಷ್ಟಾದರೂ ಜಾಗ ಇರಲೇಬೇಕು. 4.0 ಮಿ.ಮೀ. ರಿವೆಟ್ಟಿಗೆ 8 ಮಿ.ಮೀ. ಅಷ್ಟಿಲ್ಲದಿದ್ದರೆ ಕಿಟ್ ತಯಾರಕರನ್ನು ಕೇಳಿ, ಬೇಕಾದರೆ ಆ ಭಾಗವನ್ನೇ ಬದಲಿಸಿ. ಬಡಿಯುವ ಘನ ರಿವೆಟ್ ಆದರೆ ಬಡಿದ ಕಡೆಯ ತಲೆ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ: 3.2ರದಕ್ಕೆ 4.8 ಅಗಲ, 1.6 ಎತ್ತರ.

ಪ್ರಶ್ನೆ: ಕಿಟ್ಟಿನ ಬೋಲ್ಟು ಒಂದೆರಡು ಕಳೆದುಹೋಗಿವೆ. ಪೇಟೆಯ ಹಾರ್ಡ್‌ವೇರ್ ಅಂಗಡಿಯ ಗಟ್ಟಿ ಬೋಲ್ಟು ಹಾಕಬಹುದೇ? (ಬೇಲೂರು)

ಬೇಡ. ಕಿಟ್ಟಿನ ಎಎನ್3 (ವಿಮಾನದ ಬೋಲ್ಟಿನ ಒಂದು ಅಳತೆಯ ಹೆಸರು) ಬೋಲ್ಟು 4.76 ಮಿ.ಮೀ. ದಪ್ಪ, ಪೇಟೆಯ ಎಂ5 ಬೋಲ್ಟು 5 ಮಿ.ಮೀ. ತೂತನ್ನು ಅಗಲಿಸಿದರಷ್ಟೇ ಅದು ಹೋಗುವುದು. ಹಾಗಲ್ಲದೆ ಪೇಟೆಯ ಎಷ್ಟೋ ಬೋಲ್ಟುಗಳಿಗೆ ತಲೆಯ ಬುಡದವರೆಗೂ ಮರೆ, ಅಂದರೆ ತಿರುಪಿನ ಸುತ್ತು ಇರುತ್ತದೆ. ವಿಮಾನದಲ್ಲಿ ತೂತಿನೊಳಗೆ ನುಣುಪಾದ ಭಾಗ ಮಾತ್ರ ಇರಬೇಕು. ಮರೆಯ ಭಾಗ ಒಳಗೆ ಬಂದರೆ ಅದು ಅರದಂತೆ ಉಜ್ಜಿ ತೂತನ್ನು ಸಡಿಲ ಮಾಡುತ್ತದೆ, ಬೋಲ್ಟೂ ಅಲ್ಲೇ ಮುರಿಯುತ್ತದೆ.

ಬಿಗಿಯುವ ಮಾತೂ ಹೇಳಿಬಿಡುತ್ತೇವೆ. ಎಎನ್3ಕ್ಕೆ 2.3ರಿಂದ 2.8 ನ್ಯೂಟನ್ ಮೀಟರ್. ಕಾರಿನ ಗ್ಯಾರೇಜಿನ ಟಾರ್ಕ್ ರೆಂಚು ಇಷ್ಟು ಕೆಳಗೆ ಅಳೆಯುವುದಿಲ್ಲ, ಚಿಕ್ಕದನ್ನು ಕೊಳ್ಳಿ. ನೈಲಾನ್ ಇರುವ ನಟ್ಟು ತಳ ಮುಟ್ಟುವ ಮೊದಲೇ ತಿರುಗಲು ಒಂದಷ್ಟು ಬಲ ಕೇಳುತ್ತದೆ. ಅದನ್ನು ಅಳೆದು ಕೂಡಿಸಿ. ಅದು 0.8 ಇದ್ದರೆ 2.5ಕ್ಕೆ ಕೂಡಿಸಿ ರೆಂಚಿಗೆ 3.3 ಇಡಿ. ಬೋಲ್ಟು ತಿರುಗಾಡುವ ಕಡೆ, ಅಂದರೆ ಕಂಟ್ರೋಲುಗಳ ಕೀಲಿನಲ್ಲಿ, ನೈಲಾನ್ ನಟ್ಟು ಬೇಡ. ಕಿರೀಟದಂತೆ ಸೀಳುಗಳಿರುವ ನಟ್ಟು ಹಾಕಿ, ಅದು ತಿರುಗದಂತೆ ಸೀಳಿನ ಮೂಲಕ ಕಾಟರ್ ಪಿನ್ ತೂರಿಸಿ.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಬಟ್ಟೆಯೂ ಒಣಗದು. ಕಿಟ್ ಹೇಗೆ ಕಾಪಾಡಲಿ? (ಸಕಲೇಶಪುರ)

ತಗಡಿನ ಮೇಲಿನ ನೀಲಿ ಪ್ಲಾಸ್ಟಿಕ್ ಪೊರೆಯನ್ನು ಮಳೆಗಾಲಕ್ಕೆ ಮುಂಚೆ ಸುಲಿದುಬಿಡಿ, ಅದರ ಕೆಳಗೆ ತೇವ ನಿಂತು ಬಿಳಿ ತುಕ್ಕು ಹಿಡಿಯುತ್ತದೆ. ತಗಡು ತಗಡಿಗೆ ತಾಗುವ ಮುಖಗಳಿಗೆ ಎರಡು ಭಾಗ ಬೆರೆಸಿ ಬಳಸುವ ಎಪಾಕ್ಸಿ ಪ್ರೈಮರ್ ತೆಳ್ಳಗೆ ಹೊಡೆಯಿರಿ. ಉಕ್ಕು, ಅಲ್ಯೂಮಿನಿಯಂ ತಾಗುವಲ್ಲಿ ಅದನ್ನು ಮರೆಯಲೇಬಾರದು. ಫೈಬರ್ ಗ್ಲಾಸ್ ಕೆಲಸವನ್ನು ಜನವರಿಗೆ ಇಟ್ಟುಕೊಳ್ಳಿ. ತೇವದಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂತು ಮುಂದಿನ ಪದರ ಹಿಡಿಯುವುದಿಲ್ಲ.

ಪ್ರಶ್ನೆ: ರೋಟಾಕ್ಸ್ 912 ಎಂಜಿನ್ ಕಾರಿನ ಪೆಟ್ರೋಲಿನಲ್ಲೇ ಓಡುತ್ತದಂತೆ. ಹಾಗಾದರೆ ಊರಿನ ಬಂಕೇ ಸಾಕಲ್ಲವೇ? (ಮೂಡಿಗೆರೆ)

ಓಡುತ್ತದೆ, ಆದರೆ ಆ ಎಂಜಿನ್ನಿಗೆ ಎಥನಾಲ್ ಮಿತಿ 10 ಶೇಕಡ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು 20 ಶೇಕಡ ಬೆರೆಸಿದ ಪೆಟ್ರೋಲು. ಅದು ನೀರನ್ನು ಹೀರುತ್ತದೆ. ನೀರು ಹೆಚ್ಚಾಗಿ ಮೇಲೆ ಹೋದಾಗ ತಂಪಾದರೆ ಎಥನಾಲೂ ನೀರೂ ಬೇರೆಯಾಗಿ ಟ್ಯಾಂಕಿನ ತಳಕ್ಕೆ, ಅಂದರೆ ಎಂಜಿನ್ನಿಗೆ ಹೋಗುವ ಪೈಪಿನ ಬಾಯಿಗೇ ಇಳಿಯುತ್ತದೆ. ಕೆಲವು ಬಗೆಯ ಟ್ಯಾಂಕಿನ ಸೀಲೆಂಟು, ರಬ್ಬರ್ ಪೈಪುಗಳೂ ಮೆತ್ತಗಾಗುತ್ತವೆ.

ಪರೀಕ್ಷೆ ಸುಲಭ. ಗೆರೆ ಇರುವ 100 ಮಿ.ಲೀ. ಗಾಜಿನ ಕೊಳವೆಗೆ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲು ಹಾಕಿ ಅಲುಗಾಡಿಸಿ ಹತ್ತು ನಿಮಿಷ ಬಿಡಿ. ಕೆಳಗಿನ ನೀರಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 20 ಶೇಕಡ ಇದ್ದರೆ ಅದು 28ರ ಹತ್ತಿರ ಏರುತ್ತದೆ.

ಉಳಿದ ದಾರಿ ಆವ್‌ಗ್ಯಾಸ್ 100 ಎಲ್ಎಲ್ ಎಂಬ ವಿಮಾನದ ಪೆಟ್ರೋಲು. ಇಂಡಿಯನ್ ಆಯಿಲ್ ಅದನ್ನು 2022ರಿಂದ ದೇಶದಲ್ಲೇ ತಯಾರಿಸುತ್ತಿದೆ. ಅದರಲ್ಲಿ ಸೀಸ ಇರುವುದರಿಂದ ಎಂಜಿನ್ ಆಯಿಲನ್ನು 25 ಗಂಟೆಗೊಮ್ಮೆ ಬದಲಿಸಿ. ಪೂರ್ಣ ಸಿಂಥೆಟಿಕ್ ಆಯಿಲ್ ಸೀಸವನ್ನು ಕರಗಿಸಿಟ್ಟುಕೊಳ್ಳದು, ಅರೆ ಸಿಂಥೆಟಿಕ್ ಹಾಕಿ.

ಪ್ರಶ್ನೆ: ಕಿಟ್ಟಿನ ಪುಸ್ತಕದಲ್ಲಿ ಹೇಳಿರುವಷ್ಟೇ ಉದ್ದದ ರನ್‌ವೇ ನಮ್ಮ ಕಡೆಗೂ ಸಾಕೇ? (ಚಿಕ್ಕಮಗಳೂರು)

ಸಾಲದು. ಪುಸ್ತಕದ ಲೆಕ್ಕ ಸಮುದ್ರ ಮಟ್ಟದಲ್ಲಿ, 15 ಡಿಗ್ರಿಯಲ್ಲಿ. ನಿಮ್ಮೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 28 ಡಿಗ್ರಿ ಇದ್ದರೆ ಗಾಳಿ 1,800 ಮೀಟರ್ ಎತ್ತರದಲ್ಲಿರಬೇಕಾದಷ್ಟು ತೆಳುವಾಗಿರುತ್ತದೆ. ಮುಳ್ಳಯ್ಯನಗಿರಿಯೇ 1,930 ಮೀಟರ್! ಸಾವಿರ ಅಡಿಗೆ (ಸುಮಾರು 300 ಮೀಟರಿಗೆ) ಸುಮಾರು 3 ಶೇಕಡದಂತೆ 100 ಕುದುರೆ ಶಕ್ತಿಯ ಎಂಜಿನ್ 82ರ ಆಸುಪಾಸಿಗೆ ಇಳಿಯುತ್ತದೆ. ಪ್ರೊಪೆಲ್ಲರಿಗೂ ರೆಕ್ಕೆಗೂ ಅದೇ ತೆಳು ಗಾಳಿ. ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ತೋಟದಂಚಿನ ಸಿಲ್ವರ್ ಓಕ್ ಸಾಲು ಇರುವ ಕಡೆ ಈ ಎರಡನೆಯದೇ ಹೆಚ್ಚು ಅಪಾಯ. ಮೊದಲ ಹಾರಾಟಗಳನ್ನು ಅನುಮತಿ ಇರುವ ಉದ್ದನೆಯ ರನ್‌ವೇಯಲ್ಲಿ, ಬೆಳಗಿನ ತಂಪಿನಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ತೂಕದ ಕೇಂದ್ರ ಕಂಡುಹಿಡಿಯುವುದು ಹೇಗೆ? (ಹೊಳೆನರಸೀಪುರ)

ಗಾಳಿಯಾಡದ ಶೆಡ್ಡಿನಲ್ಲಿ ಮೂರು ಚಕ್ರದ ಕೆಳಗೂ ಒಂದೊಂದು ತಕ್ಕಡಿ ಇಟ್ಟು, ವಿಮಾನವನ್ನು ಹಾರುವ ಮಟ್ಟಕ್ಕೆ ತನ್ನಿ. ಮುಂಚಕ್ರದ ಮೇಲೆ 62 ಕೆ.ಜಿ., ಎರಡು ಮುಖ್ಯ ಚಕ್ರದ ಮೇಲೆ 258 ಕೆ.ಜಿ. ಬಂತು ಎನ್ನಿ. ತಯಾರಕರು ಹೇಳಿದ ಗುರುತಿನಿಂದ ಮುಂಚಕ್ರ 0.4 ಮೀಟರ್, ಮುಖ್ಯ ಚಕ್ರಗಳು 1.9 ಮೀಟರ್ ದೂರ. 62×0.4 ಅಂದರೆ 24.8, 258×1.9 ಅಂದರೆ 490.2. ಕೂಡಿಸಿದರೆ 515. ಅದನ್ನು ಒಟ್ಟು 320 ಕೆ.ಜಿ.ಯಿಂದ ಭಾಗಿಸಿದರೆ 1.609 ಮೀಟರ್. ಇದು ಖಾಲಿ ವಿಮಾನದ್ದು. ಒಬ್ಬರೇ ಕೂತು ಟ್ಯಾಂಕು ಖಾಲಿಯಾಗುತ್ತ ಬಂದಾಗ, ಇಬ್ಬರು ಕೂತು ಟ್ಯಾಂಕೂ ಸಾಮಾನಿನ ಜಾಗವೂ ತುಂಬಿರುವಾಗ, ಎರಡಕ್ಕೂ ಬೇರೆ ಬೇರೆ ಲೆಕ್ಕ ಹಾಕಿ. ಎರಡೂ ತಯಾರಕರ ಮಿತಿಯೊಳಗೆ ಬರಬೇಕು. ಹಿಂದಿನ ಮಿತಿ ದಾಟಿದರೆ ಬಾಲದಲ್ಲಿ ತೂಕ ತೆಗೆಯಿರಿ, ಇಲ್ಲವೇ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ಮತ್ತೆ ತೂಗಿ. ಬಣ್ಣ ಹೊಡೆದ ಮೇಲೆ ಹೊಸದಾಗಿ ತೂಗಲೇಬೇಕು, ಬಣ್ಣ ಕೆಲವು ಕಿಲೊ ಸೇರಿಸುತ್ತದೆ, ಅದರಲ್ಲಿ ಒಳ್ಳೆಯ ಪಾಲು ಬಾಲದ ಕಡೆಗೇ.